ಹಿತ್ತಲಲ್ಲಿರೋ ಆ ಹಿತ್ತಾಳೆ ವಾಲ್ವ್‌ಗೆ ವರ್ಷಾವರ್ಷ ದುಡ್ಡು ಯಾಕೆ?

ಅಮೆರಿಕದಲ್ಲಿ ಲಾನ್ ಸ್ಪ್ರಿಂಕ್ಲರ್ ಇರೋ ಮನೆ ತಗೊಂಡ ನಮ್ಮವರಿಗೆ ಎಷ್ಟೋ ಊರುಗಳಲ್ಲಿ ಸಿಟಿಯಿಂದ ಒಂದು ಲೆಟರ್ ಬರುತ್ತೆ, ಬ್ಯಾಕ್‌ಫ್ಲೋ ಡಿವೈಸ್ (ನೀರು ವಾಪಸ್ ಹರಿಯದ ಹಾಗೆ ತಡೆಯೋ ಆ ಹಿತ್ತಾಳೆ ವಾಲ್ವ್) ಟೆಸ್ಟ್ ಮಾಡ್ಸಿ ರಿಪೋರ್ಟ್ ಕಳ್ಸಿ, ಇಲ್ಲಾಂದ್ರೆ ನೀರು ಕಟ್ ಮಾಡ್ತೀವಿ ಅಂತ. ಟೆಸ್ಟರ್‌ಗೆ ದುಡ್ಡು ನಾವೇ ಕೊಡ್ಬೇಕು, ಕೆಲವು ಕಡೆ ರಿಪೋರ್ಟ್ ಫೈಲ್ ಮಾಡೋಕೂ ಬೇರೆ ಫೀ. ಇದೇನು ಸುಲಿಗೆನಾ ಅಂತ ಸಿಟ್ಟು ಬರುತ್ತೆ. ಆದ್ರೆ ಈ ರೂಲ್ ಬಂದಿದ್ದು ಜನ ಸತ್ತ ಮೇಲೆ.

ಪೈಪಲ್ಲಿ ಪ್ರೆಷರ್ ಇರೋ ತನಕ ನೀರು ಮನೆ ಕಡೆಗೇ ಹರಿಯುತ್ತೆ. ಎಲ್ಲೋ ಮೇನ್ ಲೈನ್ ಒಡೆದು ಪ್ರೆಷರ್ ಬಿತ್ತು ಅಂದ್ರೆ ಮನೆ ಕಡೆಯ ನೀರು ವಾಪಸ್ ಮೇನ್ ಕಡೆಗೆ ಎಳ್ಕೊಂಡು ಹೋಗುತ್ತೆ, ಲಾನಿನ ಗೊಬ್ಬರ, ಕೀಟನಾಶಕ, ನಾಯಿ ಗಲೀಜು ಎಲ್ಲ ಸೇರಿ.

1933ರಲ್ಲಿ ಶಿಕಾಗೋದಲ್ಲಿ ವರ್ಲ್ಡ್ ಫೇರ್ ನಡೀತಿದ್ದಾಗ ಎರಡು ದೊಡ್ಡ ಹೋಟೆಲ್‌ಗಳ ಹಳೇ ಪ್ಲಂಬಿಂಗ್‌ನಲ್ಲಿ ಕೊಳಚೆ ನೀರು ಕುಡಿಯೋ ನೀರಿಗೆ ಸೇರ್ಕೊಂಡು ಅಮೀಬಿಕ್ ಡಿಸೆಂಟ್ರಿ (ಆಮಶಂಕೆ) ಹಬ್ಬಿತು. ಸುಮಾರು 1,400 ಜನಕ್ಕೆ ಕಾಯಿಲೆ, 98 ಸಾವು. ಉಳ್ಕೊಂಡಿದ್ದ ಗೆಸ್ಟ್‌ಗಳು ಆಗ್ಲೇ ದೇಶದ ಮೂಲೆಮೂಲೆಗೆ ಹೋಗಿಬಿಟ್ಟಿದ್ರು, ಹಾಗಾಗಿ ಮೂಲ ಎಲ್ಲಿ ಅಂತ ಗೊತ್ತಾಗೋದೇ ತಡ ಆಯ್ತು. 1944ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲಿ ಹೀಗೆ ಗಲೀಜು ಕುಡಿಯೋ ನೀರಿಗೆ ಸೇರೋದನ್ನ ತಡೆಯೋಕಂತಲೇ ಒಂದು ಸಂಶೋಧನಾ ಸಂಸ್ಥೆ ಶುರುವಾಯ್ತು.

ನನ್ನನ್ನ ಜಾಸ್ತಿ ಕಾಡೋದು 1969ರ ಹೋಲಿ ಕ್ರಾಸ್ ಕಾಲೇಜಿನ ಕಥೆ, ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ. ಫುಟ್ಬಾಲ್ ಪ್ರಾಕ್ಟೀಸ್ ಮೈದಾನಕ್ಕೆ ಹೋಗೋ ಪೈಪ್‌ಲೈನಲ್ಲಿ ಸ್ಪ್ರಿಂಕ್ಲರ್‌ಗಳು ನೆಲದೊಳಗಿನ ಗುಂಡಿಗಳಲ್ಲಿದ್ವು, ಅಲ್ಲಿ ನೀರು ನಿಲ್ತಿತ್ತು, ಪಕ್ಕದ ಮನೆಯ ಮಕ್ಕಳು ಅಲ್ಲೇ ಆಡ್ತಿದ್ರು, ಅವರಿಗೆ ಹೆಪಟೈಟಿಸ್ ಇತ್ತು. ಹತ್ತಿರದಲ್ಲೆಲ್ಲೋ ಬೆಂಕಿ ಬಿದ್ದು ಫೈರ್‌ನವರು ನೀರು ಎಳೆದಾಗ ಪ್ರೆಷರ್ ಬಿದ್ದು ಗುಂಡಿ ನೀರು ಪೈಪೊಳಗೆ ಹೋಯ್ತು, ಅದೇ ನಲ್ಲಿ ನೀರನ್ನ ಟೀಮಿನ ಹುಡುಗರು ಕುಡಿದ್ರು. ಆಟಗಾರರು, ಕೋಚ್‌ಗಳು ಸೇರಿ 97 ಜನರಲ್ಲಿ 90 ಜನಕ್ಕೆ ಸೋಂಕು. ಎರಡು ಮ್ಯಾಚ್ ಆದ್ಮೇಲೆ ಸೀಸನ್ನೇ ಕ್ಯಾನ್ಸಲ್.

1974ರಲ್ಲಿ ಕುಡಿಯೋ ನೀರಿನ ಕೇಂದ್ರ ಕಾನೂನು ಬಂತು, ಆದ್ರೆ ಬ್ಯಾಕ್‌ಫ್ಲೋ ರೂಲ್ಸ್ ಮಾಡೋದು ಹೆಚ್ಚಾಗಿ ರಾಜ್ಯ, ಸಿಟಿಗಳೇ, ಅದಕ್ಕೇ ಊರಿಂದೂರಿಗೆ ಫೀ ಬೇರೆ, ಗಡುವು ಬೇರೆ. ಸಾಮಾನ್ಯವಾಗಿ ಮೀಟರ್‌ವರೆಗೆ ಸಿಟಿ ಜವಾಬ್ದಾರಿ, ಆಮೇಲಿನದು ಓನರ್‌ದು. ಅಪಾಯ ನಮ್ಮ ಜಾಗದಲ್ಲಿರೋದ್ರಿಂದ ಖರ್ಚೂ ನಮ್ಮದು ಅನ್ನೋದು ನನಗೆ ನ್ಯಾಯವಾಗೇ ಕಾಣುತ್ತೆ. ಹಳೇದಾಯ್ತು ಅನ್ಕೋಬೇಡಿ, 2016ರ ಡಿಸೆಂಬರ್‌ನಲ್ಲಿ ಟೆಕ್ಸಸ್‌ನ ಕಾರ್ಪಸ್ ಕ್ರಿಸ್ಟಿಯಲ್ಲಿ ಡಾಂಬರಿಗೆ ಬಳಸೋ ಕೆಮಿಕಲ್ ಹೀಗೇ ವಾಪಸ್ ಹರಿದು ಲೈನಿಗೆ ಬಂದಿದೆ ಅನ್ನೋ ಭಯದಲ್ಲಿ ನಲ್ಲಿ ನೀರು ಮುಟ್ಟಲೇಬೇಡಿ, ಕಾಯಿಸಿದ್ರೂ ಪ್ರಯೋಜನ ಇಲ್ಲ ಅಂತ ಇಡೀ ಊರಿಗೆ ಹೇಳಿದ್ರು.

ಟೆಸ್ಟ್ ಅಂದ್ರೆ ಸುಮ್ನೆ ನೋಡಿ ಸೈನ್ ಹಾಕೋದಲ್ಲ. ಆರ್‌ಪಿ (ರೆಡ್ಯೂಸ್ಡ್ ಪ್ರೆಷರ್) ಅನ್ನೋ ಬಗೆಯ ಡಿವೈಸ್‌ನಲ್ಲಿ ನೀರನ್ನ ಒಂದೇ ಕಡೆ ಬಿಡೋ ಎರಡು ಚೆಕ್ ವಾಲ್ವ್, ಮಧ್ಯೆ ನೀರನ್ನ ಹೊರಗೆ ಬಿಡೋ ಒಂದು ರಿಲೀಫ್ ವಾಲ್ವ್. ಟೆಸ್ಟರ್ ಗೇಜಿನ ಹೋಸ್ ಸಿಕ್ಕಿಸಿ ಒಂದೊಂದಾಗಿ ನೋಡ್ತಾನೆ, ಮೊದಲ ಚೆಕ್ ವಾಲ್ವ್‌ನ ಆಚೆ ಈಚೆಯ ಒತ್ತಡದ ವ್ಯತ್ಯಾಸ 2 ಪಿಎಸ್‌ಐಗೆ (ಒತ್ತಡ ಅಳೆಯೋ ಮಾನ) ಇಳಿಯೋದ್ರೊಳಗೆ ರಿಲೀಫ್ ವಾಲ್ವ್ ತೆರೆದು ನೀರು ಹೊರಗೆ ಸುರೀಬೇಕು. ಒಳಗೆ ಒಂದು ಚೂರು ಮರಳು ಕೂತಿದ್ರೂ ಫೇಲ್ ಆಗಬಹುದು, ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ.

ಬೆಂಗಳೂರಲ್ಲಿ ಪ್ರೆಷರ್ ಬೀಳೋದು ಅಪರೂಪವೇನಲ್ಲ, ಸರದಿ ಮೇಲೆ ನೀರು ಬಿಡೋ ಕಡೆ ಲೈನ್ ಗಂಟೆಗಟ್ಟಲೆ ಖಾಲಿ ಇರುತ್ತೆ. ಅದರ ಮೇಲೆ ಯಾರಾದ್ರೂ ಲೈನಿಗೇ ಮೋಟಾರ್ ಹಾಕಿ ಎಳೆದ್ರೆ ಪಕ್ಕದ ಮೋರಿ ನೀರೂ ಲೀಕ್ ಇರೋ ಜಾಗದಿಂದ ಒಳಗೆ ಬರುತ್ತೆ. 2025ರಲ್ಲಿ ಜಲಮಂಡಳಿ ಇದಕ್ಕೆ 5,000 ರೂಪಾಯಿ ದಂಡ ಅಂತ ಹೇಳಿದ್ದು ಸರಿಯೇ.

ನನ್ನ ತಕರಾರು ಇರೋದು ಫೀ ಹಾಕೋ ರೀತಿ ಮೇಲೆ. ಕೆಲವು ಸಿಟಿಗಳು ರಿಪೋರ್ಟ್ ನೋಡ್ಕೊಳ್ಳೋ ಕೆಲಸ ಖಾಸಗಿ ಕಂಪನಿಗೆ ಕೊಟ್ಟಿವೆ, ಅವರು ಪ್ರತಿ ರಿಪೋರ್ಟಿಗೂ ತಗೊಳ್ಳೋ ದುಡ್ಡು ಟೆಸ್ಟರ್ ಬಿಲ್ಲಲ್ಲಿ ಸೇರಿ ನಮ್ಮ ಹತ್ರ ಬರುತ್ತೆ. ಲೆಟರಲ್ಲೇ ಸಿಟಿ ಫೀ ಇಷ್ಟು, ಕಂಪನಿ ಫೀ ಇಷ್ಟು, ಟೆಸ್ಟ್ ಯಾಕೆ ಬೇಕು ಅಂತ ಬಿಡಿಸಿ ಬರೀಲಿ, ಅದನ್ನ ಕೇಳೋ ಹಕ್ಕು ಕಟ್ಟೋರಿಗೆ ಇದೆ.