ಎರಡೂ ಕಡೆ ಒಂದೇ ಕೊಂಡಿ

ಹಾಸನದ ಸಾಲಗಾಮೆ ರಸ್ತೆಯಲ್ಲಿ, ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರ ಎಂಸಿಎಫ್ ಶುರುವಾದದ್ದು 1982ರಲ್ಲಿ. ಅಲ್ಲಿನ ದೊಡ್ಡ ಡಿಶ್ ಆಂಟೆನಾಗಳು ನೋಡಿಕೊಂಡ ಇನ್ಸಾಟ್-1ಬಿ ಉಪಗ್ರಹವನ್ನು 1983ರಲ್ಲಿ ಮೇಲಕ್ಕೆ ಒಯ್ದದ್ದು ಅಮೆರಿಕದ ಚಾಲೆಂಜರ್ ನೌಕೆ. ಅದಕ್ಕೂ ಮೊದಲು, 1975ರ ಏಪ್ರಿಲ್ 19ರಂದು, ನಮ್ಮ ಮೊದಲ ಉಪಗ್ರಹ ಆರ್ಯಭಟನನ್ನು ಹೊತ್ತದ್ದು ಸೋವಿಯತ್ ರಾಕೆಟ್. ಬದ್ಧ ವೈರಿಗಳಿಬ್ಬರ ನೆರವೂ ನಮಗೆ ಬೇಕಿತ್ತು. ಅವರ ಸಂಬಂಧ ಹೇಗಿದೆ ಎಂಬುದು ಹಾಸನಕ್ಕೆ ದೂರದ ಸುದ್ದಿಯಲ್ಲ.

1962ರ ಕ್ಯೂಬಾ ಬಿಕ್ಕಟ್ಟಿನಲ್ಲಿ ಇವರಿಬ್ಬರ ನಡುವೆ ಅಣುಯುದ್ಧ ಹೊಸ್ತಿಲಿಗೆ ಬಂದಿದ್ದಾಗ ನಾಯಕರ ಪತ್ರಗಳು ತಲುಪಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಮರುವರ್ಷವೇ ವಾಷಿಂಗ್ಟನ್–ಮಾಸ್ಕೋ ನಡುವೆ ನೇರ ಸಂಪರ್ಕ ಬಂತು. ಸಿನಿಮಾಗಳಲ್ಲಿ ಕಾಣುವ ಕೆಂಪು ಫೋನ್ ಅಲ್ಲಿರಲಿಲ್ಲ, ಇದ್ದದ್ದು ಟೆಲಿಪ್ರಿಂಟರ್. ಅವರವರ ಭಾಷೆಯಲ್ಲಿ ಬರೆದು ಕಳುಹಿಸಿದರೆ, ಸಿಟ್ಟಿನಲ್ಲಿ ಆಡಿದ ಮಾತು ಅಪಾರ್ಥವಾಗುವ ಭಯ ಕಡಿಮೆ.

ನನಗೆ ಇನ್ನೂ ಮುಖ್ಯವಾಗಿ ಕಾಣುವುದು 1972ರ ಮೇ ತಿಂಗಳ ಮಾಸ್ಕೋ ಒಪ್ಪಂದದಿಂದ ಹುಟ್ಟಿದ ಅಪೊಲೊ–ಸೋಯುಜ್ ಯೋಜನೆ: ಅಮೆರಿಕದ ಅಪೊಲೊ ಮತ್ತು ಸೋವಿಯತ್ ಸೋಯುಜ್ ನೌಕೆಗಳನ್ನು ಬಾಹ್ಯಾಕಾಶದಲ್ಲಿ ಜೋಡಿಸುವುದು. ಅಲ್ಲಿಯವರೆಗೆ ನೌಕೆಗಳ ಜೋಡಣೆಯಲ್ಲಿ ಒಂದರ ಮೂತಿ ಇನ್ನೊಂದರ ಕುಳಿಯೊಳಗೆ ಹೋಗಬೇಕಿತ್ತು. ಹಾಗಾದರೆ ಕುಳಿಯಾಗುವವರು ಯಾರು? ಎಂಜಿನಿಯರ್‌ಗಳು ಎರಡೂ ಕಡೆಗೆ ಒಂದೇ ಬಗೆಯ ಬಳೆ ಮಾಡಿದರು. ಬಳೆಯ ಅಂಚಿನಲ್ಲಿ ಮೂರು ಎಸಳು; ಇವರ ಎಸಳುಗಳ ಸಂದಿಯಲ್ಲಿ ಅವರ ಎಸಳುಗಳು ಕೂರಬೇಕು. ಯಾರು ಬೇಕಾದರೂ ಮುಂದಾಗಿ ಹಿಡಿಯಬಹುದು. ಗಾಳಿಯದೂ ತಕರಾರಿತ್ತು. ಅಪೊಲೊದೊಳಗೆ ಕಡಿಮೆ ಒತ್ತಡದ ಆಮ್ಲಜನಕ, ಸೋಯುಜ್‌ನೊಳಗೆ ನಾವು ಉಸಿರಾಡುವಂಥ ಗಾಳಿ. ನಡುವೆ ಒಂದು ಕೋಣೆ ಕಟ್ಟಿದರು, ಸೋಯುಜ್ ತನ್ನ ಒತ್ತಡ ಇಳಿಸಿಕೊಂಡಿತು. ಅಪೊಲೊದ ನಾಯಕ ಸ್ಟ್ಯಾಫರ್ಡ್ ರಷ್ಯನ್ ಕಲಿತರು, ಸೋಯುಜ್‌ನ ನಾಯಕ ಲಿಯೊನೊವ್ ಇಂಗ್ಲಿಷ್ ಕಲಿತರು. 1975ರ ಜುಲೈ 17ರಂದು ಬಾಗಿಲು ತೆರೆದು ಕೈ ಕುಲುಕಿದರು. ಮೊದಲ ಜೋಡಣೆಯಲ್ಲಿ ಮುಂದಾಗಿ ಹಿಡಿದದ್ದು ಅಪೊಲೊ. ಎರಡು ದಿನದ ನಂತರ ಬಿಡಿಸಿಕೊಂಡು ಮತ್ತೆ ಜೋಡಿಸಿಕೊಂಡಾಗ ಆ ಸರದಿ ಸೋಯುಜ್‌ನದು. ಆ ಹೊತ್ತಿನಲ್ಲೂ ಎರಡೂ ದೇಶಗಳ ಕ್ಷಿಪಣಿಗಳು ಪರಸ್ಪರರತ್ತಲೇ ಗುರಿಯಿಟ್ಟಿದ್ದವು.

1979ರಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು, ಎಲ್ಲ ಕೆಟ್ಟಿತು. ಆದರೆ ಕೊಂಡಿಯ ವಿನ್ಯಾಸ ಉಳಿದಿತ್ತು. 1995ರಲ್ಲಿ ಅಮೆರಿಕದ ಅಟ್ಲಾಂಟಿಸ್ ರಷ್ಯಾದ ಮಿರ್ ನಿಲ್ದಾಣಕ್ಕೆ ಜೋಡಿಕೊಂಡದ್ದು ಅದೇ ವಂಶದ ಬಳೆಯಿಂದ.

ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಸಾವು ಎನ್ನುತ್ತೇವೆ. ಅವು ರಾಜಿಯಾದಾಗಲೂ ಗಿಡ ತುಳಿತಕ್ಕೆ ಸಿಕ್ಕಿದ್ದನ್ನು ನಾವು ಮರೆಯಬಾರದು. 1993ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದ ರಷ್ಯಾ, ಅತಿ ತಣ್ಣನೆಯ ದ್ರವ ಇಂಧನದಿಂದ ಓಡುವ ಕ್ರಯೋಜೆನಿಕ್ ರಾಕೆಟ್ ಎಂಜಿನ್‌ನ ತಂತ್ರಜ್ಞಾನವನ್ನು ನಮಗೆ ಕೊಡುವ ಮಾತಿನಿಂದ ಹಿಂದೆ ಸರಿಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ರಷ್ಯಾ ಪಾಲುದಾರನಾಗುವುದೆಂದು ತೀರ್ಮಾನವಾದದ್ದೂ ಅದೇ ವರ್ಷ. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಯಶಸ್ವಿಯಾಗಿ ಹಾರಿ, ಜಿಸ್ಯಾಟ್-14 ಉಪಗ್ರಹ ಹಾಸನದ ಕೈಗೆ ಬಂದದ್ದು 2014ರ ಜನವರಿಯಲ್ಲಿ.

ಉಕ್ರೇನ್ ಯುದ್ಧ ಶುರುವಾದ 2022ರಲ್ಲೂ ಅಮೆರಿಕದ ಗಗನಯಾತ್ರಿ ಸೋಯುಜ್‌ನಲ್ಲಿ, ರಷ್ಯಾದ ಗಗನಯಾತ್ರಿ ಅಮೆರಿಕದ ನೌಕೆಯಲ್ಲಿ ಅದೇ ನಿಲ್ದಾಣಕ್ಕೆ ಹೋದರು. ಇಂದಿನ ಎದುರಾಳಿ ಜೋಡಿ ಅಮೆರಿಕ ಮತ್ತು ಚೀನಾ. ಅವುಗಳ ನಡುವೆ ಇಂಥ ಕೊಂಡಿಯಿಲ್ಲ. 2011ರಿಂದ ಅಮೆರಿಕದ ಕಾನೂನೇ ನಾಸಾ ಚೀನಾದೊಂದಿಗೆ ನೇರವಾಗಿ ಕೈಜೋಡಿಸುವುದನ್ನು ತಡೆದಿದೆ. 2022ರ ಆಗಸ್ಟ್‌ನಲ್ಲಿ ತೈವಾನ್ ವಿಚಾರಕ್ಕೆ ಮುನಿದ ಚೀನಾ ಸೇನಾ ಮಾತುಕತೆಗಳನ್ನು ನಿಲ್ಲಿಸಿತು. ಅವನ್ನು ಮತ್ತೆ ಆರಂಭಿಸಲು ಬೈಡನ್ ಮತ್ತು ಷಿ ಜಿನ್‌ಪಿಂಗ್ ಒಪ್ಪಿದ್ದು 2023ರ ನವೆಂಬರ್‌ನಲ್ಲಿ, ಹದಿನೈದು ತಿಂಗಳು ಕಳೆದ ಮೇಲೆ.