ಡಿಕ್ಸಿ ಡೀನ್ ಅವರ 60 ಗೋಲು: ನಿಯಮದ ಪಾಲೆಷ್ಟು, ತಲೆಯ ಪಾಲೆಷ್ಟು?

1927–28ರಲ್ಲಿ ಇಂಗ್ಲೆಂಡ್ ಫುಟ್‌ಬಾಲ್‌ನ ಅಂದಿನ ಅತ್ಯುನ್ನತ ಲೀಗ್ ಆದ ಫಸ್ಟ್ ಡಿವಿಷನ್ ಗೆದ್ದ ಎವರ್ಟನ್ ತಂಡ 42 ಪಂದ್ಯಗಳಲ್ಲಿ ಹೊಡೆದದ್ದು 102 ಗೋಲು. ಅದರಲ್ಲಿ 60 ಒಬ್ಬರೇ ಹೊಡೆದವು: ಸೆಂಟರ್ ಫಾರ್ವರ್ಡ್ (ಮುಂಚೂಣಿಯ ನಡುವಿನ ದಾಳಿಗಾರ) ಡಿಕ್ಸಿ ಡೀನ್, ಆಡಿದ್ದು 39 ಪಂದ್ಯ. ಈ ಲೆಕ್ಕ ಕೇಳಿದ ಕೂಡಲೇ ‘ಆಗಷ್ಟೇ ಆಫ್‌ಸೈಡ್ ನಿಯಮ ಸಡಿಲವಾಗಿತ್ತಲ್ಲ’ ಎನ್ನುವವರಿದ್ದಾರೆ. ಅವರ ಮಾತು ಅರ್ಧ ಮಾತ್ರ ನಿಜ.

1925ರವರೆಗೆ, ಚೆಂಡು ಪಾಸ್ ಆಗುವ ಹೊತ್ತಿಗೆ ಮುನ್ನುಗ್ಗುವ ಆಟಗಾರನ ಮುಂದೆ ಗೋಲ್‌ಕೀಪರ್ ಸೇರಿ ಎದುರಾಳಿಯ ಮೂವರಾದರೂ ಇರಬೇಕಿತ್ತು; ಇಲ್ಲದಿದ್ದರೆ ಅವನು ಆಫ್‌ಸೈಡ್, ಚೆಂಡು ಎದುರಾಳಿಗೆ. ಹಿಂದೆ ಕಾಯುವ ಇಬ್ಬರು ಫುಲ್‌ಬ್ಯಾಕ್‌ಗಳಲ್ಲಿ ಒಬ್ಬ ಧೈರ್ಯವಾಗಿ ಮುಂದೆ ಸರಿದು ಆಫ್‌ಸೈಡ್ ಬಲೆ ಬೀಸುತ್ತಿದ್ದ. ಬಲೆ ತಪ್ಪಿದರೂ ಹಿಂದೆ ಇನ್ನೊಬ್ಬ ಕಾವಲಿಗಿರುತ್ತಿದ್ದ. 1925ರಲ್ಲಿ ನಿಯಮದ ಮೂವರು ಇಬ್ಬರಾದ ಮೇಲೆ, ಬಲೆ ತಪ್ಪಿದರೆ ಉಳಿಯುವುದು ಗೋಲ್‌ಕೀಪರ್ ಮಾತ್ರ. ಆರ್ಸೆನಲ್‌ನ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಅದೇ ವರ್ಷ ಇದಕ್ಕೊಂದು ಮದ್ದು ಹುಡುಕಿದರು: ಮೈದಾನದ ಮಧ್ಯದಲ್ಲಿ ಆಡುತ್ತಿದ್ದ ಸೆಂಟರ್ ಹಾಫ್‌ನನ್ನು ಹಿಂದಕ್ಕೆಳೆದು ಇಬ್ಬರು ಫುಲ್‌ಬ್ಯಾಕ್‌ಗಳ ನಡುವೆ ನಿಲ್ಲಿಸಿದರು. ಉಳಿದ ತಂಡಗಳು ಇದನ್ನು ಮೈಗೂಡಿಸಿಕೊಳ್ಳಲು ವರ್ಷಗಳೇ ಹಿಡಿದವು. ಅಷ್ಟರೊಳಗೆ ಗೋಲುಗಳ ಸುರಿಮಳೆ.

ಆದರೆ ನಿಯಮ ಸಡಿಲವಾದದ್ದು ಎಲ್ಲರಿಗೂ. ಹೊಸ ನಿಯಮದ ಮೊದಲ ವರ್ಷ ಬ್ಲ್ಯಾಕ್‌ಬರ್ನ್‌ನ ಟೆಡ್ ಹಾರ್ಪರ್ 43ಕ್ಕೆ ನಿಂತರು. 1930–31ರಲ್ಲಿ ಆಸ್ಟನ್ ವಿಲ್ಲಾದ ಪಾಂಗೊ ವೇರಿಂಗ್ 49 ಹೊಡೆದರು. ಮಿಡಲ್ಸ್‌ಬರೊದ ಜಾರ್ಜ್ ಕ್ಯಾಮ್‌ಸೆಲ್ 59 ಮುಟ್ಟಿದ್ದು ಎರಡನೇ ಡಿವಿಷನ್‌ನಲ್ಲಿ. ಡೀನ್ ಅವರನ್ನು ಬೇರೆಯಾಗಿಸಿದ್ದು ಹೆಡರ್, ಅಂದರೆ ತಲೆಯಿಂದ ಚೆಂಡು ಹೊಡೆಯುವುದು, ಎಂಬುದು ನನ್ನ ಅಭಿಪ್ರಾಯ.

ಅವರು ಆರಡಿ ಆಳಲ್ಲ. ಒಳ್ಳೆಯ ಹೆಡರ್‌ಗೆ ಎತ್ತರಕ್ಕಿಂತ ಸರಿಯಾದ ಹೊತ್ತಿಗೆ ಎಗರುವುದು ಮುಖ್ಯ. ಚೆಂಡು ಬೀಳುವ ಜಾಗದಲ್ಲಿ ಮೊದಲೇ ಹೋಗಿ ನಿಂತವನು ನಿಂತಲ್ಲಿಂದಲೇ ಎಗರಬೇಕಾಗುತ್ತದೆ. ಎರಡು ಮೂರು ಹೆಜ್ಜೆ ಹಿಂದಿದ್ದು, ಓಡಿಬಂದು ಒಂಟಿಗಾಲಲ್ಲಿ ಚಿಮ್ಮಿದವನು ಅವನಿಗಿಂತ ಮೇಲೇರುತ್ತಾನೆ. ಗಾಳಿಯಲ್ಲಿ ಬೆನ್ನು ಬಿಲ್ಲಾಗಬೇಕು, ಗದ್ದ ಎದೆಯತ್ತ ಒಳಸರಿಯಬೇಕು, ಕುತ್ತಿಗೆ ಬಿಗಿಯಾಗಿರಬೇಕು, ಕಣ್ಣು ತೆರೆದೇ ಇರಬೇಕು. ಚೆಂಡಿನ ನಡುಭಾಗಕ್ಕಿಂತ ತುಸು ಮೇಲೆ ಹಣೆ ತಗುಲಿದರೆ ಚೆಂಡು ನೆಲದತ್ತ ಇಳಿಯುತ್ತದೆ. ಕೈ ಮೇಲೆತ್ತಿ ಕಾದ ಗೋಲ್‌ಕೀಪರ್‌ಗೆ ಅತಿ ಕಷ್ಟದ ಚೆಂಡು ಅದೇ. ಕಣ್ಣು ಮುಚ್ಚಿದರೆ ನೆತ್ತಿಗೆ ಬಡಿದು ಕ್ರಾಸ್‌ಬಾರ್ ಮೇಲಿಂದ ಹಾರುತ್ತದೆ.

ಮೇಲಾಗಿ ಅಂದಿನ ಚೆಂಡು ತೊಗಲಿನದು. ಪಂದ್ಯದ ಆರಂಭದಲ್ಲಿ 13ರಿಂದ 15 ಔನ್ಸ್, ಅಂದರೆ ಸುಮಾರು 368ರಿಂದ 425 ಗ್ರಾಂ. ಮಳೆ ಬಂದರೆ ತೊಗಲು ನೀರು ಕುಡಿದು ಭಾರವಾಗುತ್ತಿತ್ತು. ಬಾಯಿ ಕಟ್ಟಿದ ಲೇಸು ಇರುವ ಬದಿ ಹಣೆಗೆ ಬಡಿದರೆ ಚರ್ಮವೇ ಹರಿಯುತ್ತಿತ್ತು. 1926ರಲ್ಲಿ ಉತ್ತರ ವೇಲ್ಸ್‌ನಲ್ಲಿ ಮೋಟಾರ್‌ಸೈಕಲ್ ಅಪಘಾತವಾಗಿ ತಲೆಬುರುಡೆ, ದವಡೆ ಎರಡೂ ಮುರಿದಿದ್ದ ಆಟಗಾರ ಇಂಥ ಚೆಂಡಿಗೆ ಮತ್ತೆ ಹಣೆ ಕೊಟ್ಟರು ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅದನ್ನು ಇಂದಿನ ಮಕ್ಕಳಿಗೆ ಮಾದರಿ ಮಾಡಬೇಡಿ. ಇಂಗ್ಲೆಂಡಿನಲ್ಲೇ 2020ರಿಂದ ಪ್ರಾಥಮಿಕ ಶಾಲೆಯ ವಯಸ್ಸಿನವರ ತರಬೇತಿಯಲ್ಲಿ ಹೆಡಿಂಗ್ ಬೇಡ ಎಂಬ ಸೂಚನೆಯಿದೆ. ವೃತ್ತಿಪರರಿಗೂ ತರಬೇತಿಯಲ್ಲಿ ವಾರಕ್ಕೆ ಹತ್ತು ಜೋರು ಹೆಡರ್‌ಗಳ ಮಿತಿ 2021ರಲ್ಲಿ ಬಂತು.

ಹೆಡರ್‌ನಲ್ಲಿ ಅರ್ಧ ಕೆಲಸ ಮೈದಾನದ ಅಂಚಿನಲ್ಲಿ ಆಡುವ ವಿಂಗರ್‌ನದು. ಅವನು ಬದಿಯಿಂದ ಎತ್ತಿಕೊಡುವ ಕ್ರಾಸ್ ಗೋಲಿಗೆ ತೀರಾ ಹತ್ತಿರ ಬಿದ್ದರೆ ಗೋಲ್‌ಕೀಪರ್ ಕೈಗೆ ಸಿಗುತ್ತದೆ, ಪೆನಾಲ್ಟಿ ಚುಕ್ಕಿಯಾಚೆ ಬಿದ್ದರೆ ತಲೆಯ ಬಲ ಸಾಲದು. ಎವರ್ಟನ್‌ನಲ್ಲಿ ಎಡಬದಿಯಿಂದ ಚೆಂಡು ಎತ್ತಿಕೊಡುತ್ತಿದ್ದವರು ಸ್ಕಾಟ್ಲೆಂಡಿನ ಗಿಡ್ಡ ಆಟಗಾರ ಅಲೆಕ್ ಟ್ರೂಪ್. 1928ರ ಮೇ 5ರಂದು ಗೂಡಿಸನ್ ಪಾರ್ಕ್‌ನಲ್ಲಿ ಕೊನೆಯ ಪಂದ್ಯ, ಎದುರಾಳಿ ಅದೇ ಚಾಪ್‌ಮನ್ ಅವರ ಆರ್ಸೆನಲ್. ಕ್ಯಾಮ್‌ಸೆಲ್ ದಾಖಲೆ ದಾಟಲು ಡೀನ್‌ಗೆ ಮೂರು ಗೋಲು ಬೇಕಿತ್ತು. ಎರಡು ಬೇಗನೇ ಬಂದವು, ಅದರಲ್ಲೊಂದು ಪೆನಾಲ್ಟಿ. ಮೂರನೆಯದಕ್ಕೆ ಪಂದ್ಯ ಮುಗಿಯಲು ಕೆಲವೇ ನಿಮಿಷ ಉಳಿಯುವವರೆಗೆ ಕಾಯಬೇಕಾಯಿತು: ಟ್ರೂಪ್ ಅವರ ಕಾರ್ನರ್ (ಮೈದಾನದ ಮೂಲೆಯಿಂದ ಹೊಡೆದ ಕಿಕ್), ಡೀನ್ ಅವರ ಹಣೆ.

ನಿಯಮದ ವಾದ ಹೂಡುವವರು 1931–32ರ ಪಟ್ಟಿಯನ್ನೂ ತೆರೆದು ನೋಡಲಿ. ಅಷ್ಟರಲ್ಲಿ ಚಾಪ್‌ಮನ್ ಅವರ ಮೂರನೇ ಬ್ಯಾಕ್, ಅಂದರೆ ಹಿಂದಕ್ಕೆಳೆದ ಸೆಂಟರ್ ಹಾಫ್, ಅನೇಕ ತಂಡಗಳಿಗೆ ರೂಢಿಯಾಗಿತ್ತು. ಎವರ್ಟನ್ 1930ರಲ್ಲಿ ಎರಡನೇ ಡಿವಿಷನ್‌ಗೆ ಇಳಿದು, ಒಂದೇ ವರ್ಷದಲ್ಲಿ ಮೇಲೆ ಬಂದಿತ್ತು. ಬಂದ ವರ್ಷವೇ ಪ್ರಶಸ್ತಿ ಗೆದ್ದಿತು. ಡೀನ್ 38 ಪಂದ್ಯಗಳಲ್ಲಿ 45 ಗೋಲು ಹೊಡೆದಿದ್ದರು.