ಅಂಬಾರಿಯಲ್ಲಿ ದೇವಿ ಏಕಿಲ್ಲ?

ಕಲಾ ಇತಿಹಾಸದ ವಿದ್ಯಾರ್ಥಿಗಳನ್ನು ಮೈಸೂರು ಅರಮನೆಯ ಕಲ್ಯಾಣ ಮಂಟಪಕ್ಕೆ ಕರೆದೊಯ್ದಾಗ ಎಲ್ಲರ ಕತ್ತೂ ಮೊದಲು ಮೇಲಕ್ಕೇ ಹೋಗುತ್ತದೆ. ಗ್ಲಾಸ್ಗೋದಿಂದ ಬಂದ ಗಾಜಿನ ನವಿಲುಗಳ ಸೆಳೆತ ಅಂಥದ್ದು. ಗೋಡೆಯ ಮೇಲಿನ ದಸರಾ ಮೆರವಣಿಗೆಗೆ ಕಣ್ಣು ಇಳಿದೊಡನೆ ಒಬ್ಬರಾದರೂ ಕೇಳುತ್ತಾರೆ: ‘ಸರ್, ಅಂಬಾರಿಯಲ್ಲಿ ಚಾಮುಂಡೇಶ್ವರಿ ಇಲ್ಲವಲ್ಲ?’

ಆಗ ಅಂಬಾರಿಯಲ್ಲಿ ಕೂರುತ್ತಿದ್ದವರು ಮಹಾರಾಜರೇ. ದೇವಿಯ ಮೂರ್ತಿಗೆ ಆ ಜಾಗ ಸಿಕ್ಕಿದ್ದು ಅರಸೊತ್ತಿಗೆ ಹೋದ ಮೇಲೆ. ಅಷ್ಟು ಹೇಳಿ ಮುಗಿಸಬಹುದು. ಆದರೆ ಆ ಪ್ರಶ್ನೆಯ ಹಿಂದಿನ ನಂಬಿಕೆ ನನ್ನನ್ನು ಕಾಡುತ್ತದೆ: ಚಿತ್ರಕಾರ ಬೀದಿಯಲ್ಲಿ ನಿಂತು ಕಂಡದ್ದನ್ನೆಲ್ಲ ಬರೆದಿದ್ದಾನೆ ಎಂಬ ನಂಬಿಕೆ. ಅಲ್ಲಿನ 26 ಫಲಕಗಳನ್ನು ಆಸ್ಥಾನದ ಕಲಾವಿದರು 1934ರ ನಂತರ ವರ್ಷಗಟ್ಟಲೆ ಕುಳಿತು ಬರೆದದ್ದು, ಮೆರವಣಿಗೆಯ ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು. ಅದಕ್ಕೇ ಸಾಲಿನಲ್ಲಿ ನಡೆಯುವವರಿಗೂ ಅವರವರದೇ ಮುಖವಿದೆ. ಕಪ್ಪು ಬಿಳುಪಿನ ಫೋಟೋ ಕೊಡಲಾಗದ ಜರಿಯ ಹೊಳಪು, ಆನೆಗೆ ಹೊದಿಸಿದ ಜೂಲಿನ ಕೆಂಪು ಕುಂಚದ್ದು.

ಇನ್ನೊಂದು ಬಗೆಯ ಜೋಡಣೆ ನೋಡಬೇಕೆಂದರೆ ದೆಹಲಿಯ ಒಂದು ಹಳೆಯ ದರ್ಬಾರಿಗೆ ಹೋಗಬೇಕು. 1877ರ ಜನವರಿ 1ರಂದು ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಘೋಷಿಸಿದ ದರ್ಬಾರನ್ನು ಚಿತ್ರಿಸಲು ಸರ್ಕಾರ ಕರೆಸಿದ್ದು ವ್ಯಾಲ್ ಪ್ರಿನ್ಸೆಪ್‌ನನ್ನು. ಕೊಲ್ಕತ್ತಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರು ಮಾಡಿದವನು. ದರ್ಬಾರು ಮುಗಿದ ಮೇಲೆ ಸಂಸ್ಥಾನದಿಂದ ಸಂಸ್ಥಾನಕ್ಕೆ ಅಲೆದು, ಅರಸರನ್ನು ಒಬ್ಬೊಬ್ಬರಾಗಿ ಎದುರು ಕೂರಿಸಿ ಮುಖಗಳನ್ನು ಬರೆದುಕೊಂಡ. ಆಮೇಲೆ ಅವನ್ನೆಲ್ಲ ಸುಮಾರು ಏಳು ಮೀಟರ್ ಅಗಲದ ಒಂದೇ ಕ್ಯಾನ್ವಾಸಿಗೆ ತಂದ. ಮುಗಿದದ್ದು 1880ರಲ್ಲಿ. ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಬೆಳಕಿಗೆ ಕುಳಿತವರು ವೈಸರಾಯ್ ಲಾರ್ಡ್ ಲಿಟ್ಟನ್ನನ ಸುತ್ತ ಒಟ್ಟಾಗಿ ನೆರೆದಂತೆ ಕಾಣುತ್ತಾರೆ. ಚಿತ್ರವಾಗಿ ನನಗದು ಹಿಡಿಸುವುದಿಲ್ಲ; ಶಾಲೆಯ ಗುಂಪು ಫೋಟೋದ ಬಿಗುವಿದೆ. ದಾಖಲೆಯಾಗಿ ಮಾತ್ರ ಅದು ಚಿನ್ನ.

ಆ ದರ್ಬಾರಿಗೆ ಹೋದವರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರೂ ಒಬ್ಬರು, ಇನ್ನೂ ಹುಡುಗ. ಹೈದರಾಬಾದ್, ಬರೋಡಾಗಳ ಸಾಲಿನಲ್ಲಿ 21 ಕುಶಾಲತೋಪಿನ ಗೌರವವೇನೋ ಇತ್ತು, ಆಳ್ವಿಕೆ ಇರಲಿಲ್ಲ. 1831ರಿಂದ ರಾಜ್ಯ ಬ್ರಿಟಿಷರ ಕೈಯಲ್ಲಿತ್ತು, ಮರಳಿದ್ದು 1881ಕ್ಕೆ. ದರ್ಬಾರಿನ ಪತಾಕೆಗಳು ಹಾರುತ್ತಿದ್ದಾಗ ಇತ್ತ ಮೈಸೂರು ಸೀಮೆಯಲ್ಲಿ 1876ರ ಮಳೆ ಕೈಕೊಟ್ಟು ಬರ ಬಾಯ್ತೆರೆದಿತ್ತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಳಿಯಿತು. ಕಿರೀಟ, ಕಠಾರಿ, ಮುತ್ತಿನ ಹಾರಗಳನ್ನು ಎಣಿಸಿ ಬರೆಯಲು ಕರೆಸಿಕೊಂಡವನ ಕ್ಯಾನ್ವಾಸಿನಲ್ಲಿ ಇದಕ್ಕೆ ಎಡೆಯಿಲ್ಲ. ಚಿತ್ರಕಾರನನ್ನು ದೂರುತ್ತಿಲ್ಲ. ಹಣ ಕೊಟ್ಟವರು ಕೇಳಿದ್ದು ಅದನ್ನಲ್ಲ.

ಕಲ್ಯಾಣ ಮಂಟಪಕ್ಕೂ ಈ ಮಾತು ಸಲ್ಲುತ್ತದೆ; ಬರೆಸಿದ್ದು ಅರಮನೆಯೇ. ಆದರೂ ಫೋಟೋ ಎಂಬ ಸಾಧನಕ್ಕೆ ಒಂದು ಗುಣವಿದೆ: ಕರೆಯದವರೂ ಅದರೊಳಗೆ ಬಂದು ನಿಂತುಬಿಡುತ್ತಾರೆ. ಮುಂದಿನ ಸಲ ಹೋದಾಗ ಅಂಬಾರಿಯನ್ನು ಸ್ವಲ್ಪ ಹೊತ್ತು ಬಿಟ್ಟು, ಆನೆಯ ಕಾಲಿನ ಪಕ್ಕದಲ್ಲಿ ನಡೆಯುತ್ತಿರುವವರನ್ನು ನೋಡಿ.